ನಾಲೆಯ ಬದಿಯಲ್ಲಿ ಹುಟ್ಟಿದ ಬೆದ್ದಲು ರಾಗಿ

ಮಂಡ್ಯ ಸೀಮೆಯ ಬೆದ್ದಲಿನಲ್ಲಿ ಆರಂಬ ಮಾಡಿದ ಹಳಬರ ಬಾಯಲ್ಲಿ ಅದು ‘ಇಂಡಾಪು’. ಇಂಡಾಪು ಎಂಟು, ಇಂಡಾಪು ಒಂಬತ್ತು ಎಂದು ನಂಬರಿನ ಸಮೇತ ಹೇಳುತ್ತಾರೆ. ಯಾವುದೋ ಬೀಜದ ಕಂಪನಿಯ ಹೆಸರಿರಬೇಕು ಎಂದುಕೊಳ್ಳುವವರೂ ಉಂಟು. ಕಂಪನಿಯಲ್ಲ, ಇಂಡಿಯಾ ಮತ್ತು ಆಫ್ರಿಕಾ ಎಂಬ ಎರಡು ಹೆಸರುಗಳ ಮೊದಲ ತುಣುಕುಗಳನ್ನು ಜೋಡಿಸಿದರೆ ಬರುವ ಪದ ಇಂಡಾಫ್. ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಹೊರಟು ನಮ್ಮಲ್ಲಿಗೆ ಬಂದು, ನಮ್ಮದೇ ಆಗಿಹೋದ ಒಂದು ಧಾನ್ಯವನ್ನು ಅದರ ತವರಿನ ನೆಂಟರ ಜೊತೆ ಮತ್ತೆ ಕೂಡಿಸಿದ ಕತೆ ಈ ಐದಾರು ಅಕ್ಷರಗಳಲ್ಲಿ ಇದೆ. ಇಲ್ಲದ್ದು ಒಂದೇ, ಕೂಡಿಸಿದವನ ಹೆಸರು.

ಆ ಕೆಲಸ ನಡೆದ ಜಾಗವೂ ವಿಚಿತ್ರವೇ. ಮಂಡ್ಯದ ಹತ್ತಿರದ ವಿ.ಸಿ. ಫಾರಂ, ಅಂದರೆ ವಿಶ್ವೇಶ್ವರಯ್ಯ ನಾಲೆಯ ಫಾರಂ. ನೀರಾವರಿ ಬೇಸಾಯಕ್ಕೆಂದು, ನಾಲೆಯ ನೀರು ಬರುತ್ತಿದ್ದಂತೆ ಕಟ್ಟಿಕೊಂಡ ತೋಟ ಅದು. ಅಲ್ಲಿ ತಯಾರಾದ ರಾಗಿಯಿಂದ ಹೆಚ್ಚು ಉಪಕಾರವಾದದ್ದು ನಾಲೆ ಹತ್ತದ ನೆಲಕ್ಕೆ.

ಇದು ಅರ್ಥವಾಗಬೇಕಾದರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಒಟ್ಟಿಗೆ ನೋಡಬೇಕು. ಶ್ರೀರಂಗಪಟ್ಟಣಕ್ಕೆ ನೀರು ಹೊಸದಲ್ಲ. ಚಿಕ್ಕದೇವರಾಜ ಸಾಗರ ನಾಲೆ, ಬಂಗಾರದೊಡ್ಡಿ ನಾಲೆ, ವಿರಿಜಾ ನಾಲೆ ಇವೆಲ್ಲ ಕನ್ನಂಬಾಡಿ ಕಟ್ಟೆಗಿಂತ ಬಹಳ ಹಿಂದಿನವು. ಅಲ್ಲಿನ ಗದ್ದೆಗಳಲ್ಲಿ ಭತ್ತ ಮತ್ತು ಕಬ್ಬು ಆಗಲೇ ಇದ್ದವು. ಪಾಲಹಳ್ಳಿಯಲ್ಲಿ 1847ರಷ್ಟು ಹಿಂದೆಯೇ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ನಡೆಯುತ್ತಿತ್ತು. ಆಗ ಫ್ರೆಂಚ್ ರಾಕ್ಸ್ ಎಂದು ಕರೆಸಿಕೊಳ್ಳುತ್ತಿದ್ದ ಪಾಂಡವಪುರದ ಒಂದು ಭಾಗ ನದಿಯ ಕಡೆಗೆ, ಇನ್ನೊಂದು ಭಾಗ ಮೇಲುಕೋಟೆಯ ಕಲ್ಲುಗುಡ್ಡಗಳ ಕಡೆಗೆ. ಕೆ.ಆರ್. ಪೇಟೆಯಲ್ಲಿ ಹೇಮಾವತಿಗೆ ಮಂದಗೆರೆಯಲ್ಲಿ ಕಟ್ಟಿದ ಅಣೆಯಿಂದ ಹೊಳೆ ಬದಿಗೆ ಒಂದಿಷ್ಟು ನೀರು, ಮೇಲೆ ಹೋದರೆ ಬೆದ್ದಲು. ನಾಗಮಂಗಲಕ್ಕೆ ಇದಾವುದೂ ಇಲ್ಲ. ಕೆರೆ ತುಂಬಿದ ವರ್ಷ ಕೆರೆಯ ಹಿಂದೆ ಭತ್ತ. ಉಳಿದದ್ದೆಲ್ಲ ಮಳೆ, ಕೆಮ್ಮಣ್ಣು, ರಾಗಿ.

1799ರಲ್ಲಿ ಟಿಪ್ಪು ಮಡಿದ ಮರುವರ್ಷವೇ ಫ್ರಾನ್ಸಿಸ್ ಬುಕಾನನ್ ಶ್ರೀರಂಗಪಟ್ಟಣಕ್ಕೆ ಬಂದ. ಕಂಪನಿ ಸರ್ಕಾರ ಗೆದ್ದ ನಾಡಿನಲ್ಲಿ ಏನೇನಿದೆ ಎಂದು ಲೆಕ್ಕ ತೆಗೆದುಕೊಳ್ಳಲು ಕಳಿಸಿದ ವೈದ್ಯ ಅವನು. ಅವನ ಕಣ್ಣು ಅರಮನೆಗಿಂತ ಹೊಲದ ಮೇಲೆ ಹೆಚ್ಚು. ಒಣಹೊಲದ ಬೆಳೆಗಳಲ್ಲೆಲ್ಲ ರಾಗಿಯೇ ಮುಖ್ಯ, ಕೆಳವರ್ಗದ ಜನರ ದಿನದ ಊಟವೇ ಅದು ಎಂದು ಬರೆದ. ಕೂರಿಗೆಯಲ್ಲಿ ರಾಗಿ ಬಿತ್ತಿ, ಸಡ್ಡೆಯಲ್ಲಿ ಅವರೆ ಬಿಡುವ ಕ್ರಮವನ್ನು ವಿವರಿಸಿದ. ಹಗೇವಿನಲ್ಲಿ ಹುಗಿದಿಟ್ಟ ರಾಗಿ ವರ್ಷಗಟ್ಟಲೆ ಕೆಡದೆ ಇರುವುದನ್ನೂ ಗುರುತು ಹಾಕಿಕೊಂಡ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಶ್ರೀರಾಮ ಭತ್ತವನ್ನೂ ರಾಗಿಯನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ಪರೀಕ್ಷಿಸುತ್ತಾನಲ್ಲ, ಆ ಸೆರೆಮನೆಯ ಕಲ್ಪನೆಗೆ ಹಗೇವಿಗಿಂತ ಬೇರೆ ಮಾದರಿ ಬೇಕಾಗಿರಲಿಲ್ಲ ಎಂದು ನನಗನ್ನಿಸುತ್ತದೆ. ಆ ಕಾವ್ಯದಲ್ಲಿ ರಾಗಿಯ ಹೆಸರು ನರೆದಲೆಗ, ನರೆತ ತಲೆಯವನು.

ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಎಡದಂಡೆಯ ದೊಡ್ಡ ನಾಲೆಗೆ ಆಗಿನ ವೈಸ್‌ರಾಯ್ ಹೆಸರಿಟ್ಟು ಇರ್ವಿನ್ ನಾಲೆ ಎಂದು ಕರೆದರು. ಅದೇ ಮುಂದೆ ವಿಶ್ವೇಶ್ವರಯ್ಯ ನಾಲೆ. ಹುಲಿಕೆರೆಯ ಗುಡ್ಡವನ್ನು ಸುರಂಗದಲ್ಲಿ ದಾಟಿ ಅದು ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆಗೆ ಇಳಿಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ನಾಲೆಯ ಕೆಳಗಿನ ಭೂಮಿಯನ್ನು ಬ್ಲಾಕುಗಳಾಗಿ ಹಂಚಿ, ಒಂದರಲ್ಲಿ ಕಬ್ಬು, ಒಂದರಲ್ಲಿ ಭತ್ತ, ಇನ್ನೊಂದರಲ್ಲಿ ರಾಗಿಯಂಥ ಅರೆನೀರಾವರಿ ಬೆಳೆ, ವರ್ಷ ವರ್ಷ ಸರದಿ ಬದಲಾಯಿಸಬೇಕು ಎಂಬುದು ವಿಶ್ವೇಶ್ವರಯ್ಯನವರ ಯೋಜನೆ. ಕಾಗದದ ಮೇಲೆ ಅಚ್ಚುಕಟ್ಟಾದ ಯೋಜನೆ. ಆದರೆ ಬಾಗಿಲಿಗೆ ನೀರು ಬಂದಮೇಲೆ ರಾಗಿ ಬಿತ್ತು ಎಂದರೆ ಯಾರು ಕೇಳುತ್ತಾರೆ? ನಾಲೆಯ ಕೆಳಗೆ ಭತ್ತವೂ ಕಬ್ಬೂ ಗೆದ್ದವು. ಅನ್ನ ಉಣ್ಣುವವರ ಮನೆ, ಮುದ್ದೆ ಉಣ್ಣುವವರ ಮನೆ ಎಂಬ ಹಳೆಯ ಭೇದಕ್ಕೆ ನಾಲೆ ಒಂದು ಗೆರೆ ಎಳೆದುಕೊಟ್ಟಿತು. ಹೆಣ್ಣು ಕೊಡುವಾಗ ‘ನೀರಾವರಿ ಐತಾ?’ ಎಂದು ಕೇಳುವ ಮಾತು ಈ ಸೀಮೆಯಲ್ಲಿ ಸುಮ್ಮನೆ ಹುಟ್ಟಿದ್ದಲ್ಲ.

ತಳಿ ಸುಧಾರಣೆಯ ಹಣ, ಗಮನ, ಆಳುಕಾಳು ಎಲ್ಲವೂ ಮೊದಲು ಹರಿದದ್ದು ಕಬ್ಬಿಗೆ. ಕೊಯಮತ್ತೂರಿನಲ್ಲಿ ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಅವರು ದಪ್ಪ ಕಬ್ಬನ್ನು ಕಾಡುಕಬ್ಬಿನ ಜೊತೆ ಕೂಡಿಸಿ ‘ಕೋ’ ತಳಿಗಳನ್ನು ತೆಗೆದಿದ್ದರು. ಮೈಸೂರು ಸಂಸ್ಥಾನದ ಹೆಬ್ಬಾಳದಲ್ಲೂ ಎಚ್.ಎಂ. 320 ಎಂಬ ಕಬ್ಬು ತಯಾರಾಗಿ ನಾಲೆಯ ಬಯಲಲ್ಲಿ ಹಬ್ಬಿತ್ತು. ಕಬ್ಬಿನ ಹಿಂದೆ ಕಾರ್ಖಾನೆ ಇತ್ತು, ಷೇರುದಾರರಿದ್ದರು. ರಾಗಿಯ ಹಿಂದೆ ಯಾರಿದ್ದರು?

ಒಬ್ಬರಿದ್ದರು: ಲೆಸ್ಲಿ ಕೋಲ್ಮನ್. ಕೆನಡಾದಿಂದ 1908ರಲ್ಲಿ ಮೈಸೂರಿಗೆ ಬಂದು, 1913ರಿಂದ ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದವರು. ಮಲೆನಾಡಿನವರು ಅವರನ್ನು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿದ ಸಾಹೇಬರೆಂದು ನೆನೆಯುತ್ತಾರೆ. ಬಯಲುಸೀಮೆಗೆ ಅವರ ಕೊಡುಗೆ ರಾಗಿ. ಮೈಸೂರಿನ ರಾಗಿ ಬೇಸಾಯದ ಬಗ್ಗೆ 1920ರಲ್ಲಿ ಅವರದೇ ಒಂದು ಪುಸ್ತಿಕೆ ಬಂತು. ಅದಕ್ಕೂ ಮೊದಲೇ, 1918ರ ಸುಮಾರಿಗೆ, ಎಚ್ 22 ಎಂಬ ತಳಿ ಹೊರಬಂದಿತ್ತು. ರೈತರ ಹೊಲದ ಬೆರಕೆ ರಾಗಿಯಿಂದ ಒಳ್ಳೆಯ ತೆನೆಗಳನ್ನು ಒಂದೊಂದಾಗಿ ಆಯ್ದು, ಒಂದು ತೆನೆಯ ಸಂತಾನವನ್ನು ಬೇರೆಯಾಗಿಯೇ ಬೆಳೆಸಿ, ಅದರಲ್ಲಿ ಉತ್ತಮವಾದದ್ದನ್ನು ಉಳಿಸಿಕೊಂಡದ್ದು. ಕಣಕ್ಕೆ ಹಾಕುವ ಮುಂಚೆ ದಪ್ಪ ತೆನೆ ಆರಿಸಿ ಬೀಜಕ್ಕೆ ಎತ್ತಿಡುವ ಹೆಂಗಸರು ತಲತಲಾಂತರದಿಂದ ಮಾಡಿದ್ದೂ ಇದನ್ನೇ. ಕೋಲ್ಮನ್ ಅದಕ್ಕೆ ಪುಸ್ತಕ ಇಟ್ಟರು, ಲೆಕ್ಕ ಬರೆದರು. ಇದರಿಂದ ಇಳುವರಿ ಹೆಚ್ಚಿತು, ನಿಜ. ಆದರೆ ಆಯ್ಕೆಗೆ ಒಂದು ಮಿತಿಯಿದೆ. ಹೊಲದಲ್ಲಿ ಇರುವುದನ್ನು ಆಯಬಹುದೇ ಹೊರತು ಇಲ್ಲದ್ದನ್ನು ತರಲಾಗದು. ಅದಕ್ಕೆ ಸಂಕರವೇ ಆಗಬೇಕು, ಮತ್ತು ರಾಗಿಯಲ್ಲಿ ಸಂಕರ ಎನ್ನುವುದು ಹೇಳಿದಷ್ಟು ಸುಲಭವಲ್ಲ.

ದ್ರಾಕ್ಷಿಯನ್ನು ತೆಗೆದುಕೊಳ್ಳಿ. ಅದರ ಹೂವೂ ಚಿಕ್ಕದೇ. ಆದರೆ ಚಿಮುಟದಲ್ಲಿ ಹೂವಿನ ಟೋಪಿ ತೆಗೆದು, ಕೇಸರ ಕಿತ್ತು, ಇನ್ನೊಂದು ಬಳ್ಳಿಯ ಪರಾಗ ಸವರಬಹುದು. ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯವರು ಬ್ಲಾಕ್ ಚಂಪಾವನ್ನು ಥಾಂಪ್ಸನ್ ಸೀಡ್‌ಲೆಸ್ ಜೊತೆ ಕೂಡಿಸಿ ‘ಅರ್ಕಾವತಿ’ಯನ್ನು ಪಡೆದದ್ದು ಹೀಗೆಯೇ. ಸಾವಿರ ಸಸಿಯಲ್ಲಿ ಒಂದು ಒಳ್ಳೆಯದು ಸಿಕ್ಕರೆ ಸಾಕು, ಕಡ್ಡಿ ಕತ್ತರಿಸಿ ನೆಟ್ಟರೆ ಅದೇ ಬಳ್ಳಿ ಎಕರೆಗಟ್ಟಲೆ. ಕಬ್ಬೂ ಹಾಗೆ, ಬಿತ್ತನೆಗೆ ತುಂಡು ಇದ್ದರಾಯಿತು. ರಾಗಿಗೆ ಈ ಎರಡೂ ಭಾಗ್ಯವಿಲ್ಲ. ಒಂದು ತೆನೆಯಲ್ಲಿ ನಾಲ್ಕರಿಂದ ಹತ್ತರವರೆಗೆ ಇಲುಕು, ಒಂದೊಂದು ಇಲುಕಿನಲ್ಲೂ ಒತ್ತೊತ್ತಾಗಿ ಹತ್ತಾರು ಕಿರುತೆನೆ, ಪ್ರತಿ ಕಿರುತೆನೆಯೊಳಗೆ ಬರಿಗಣ್ಣಿಗೆ ಕಷ್ಟದಿಂದ ಕಾಣುವ ಹೂಗಳು. ಅವು ಅರಳುವುದು ನಡುರಾತ್ರಿ ಕಳೆದು ಬೆಳಗಿನ ಜಾವದೊಳಗೆ. ಅರಳುವ ಹೊತ್ತಿಗೆ ತನ್ನ ಪರಾಗ ತನ್ನ ಮೇಲೆಯೇ ಉದುರಿರುತ್ತದೆ. ಹೊರಗಿನ ಪರಾಗಕ್ಕೆ ಎಡೆ ಸಿಗುವುದು ನೂರಕ್ಕೆ ಒಂದು ಸಲವೂ ಅನುಮಾನ.

ಇದಕ್ಕೆ ಒಂದು ಉಪಾಯವನ್ನು 1930ರ ದಶಕದಲ್ಲಿ ಕೊಯಮತ್ತೂರಿನ ಜಿ.ಎನ್. ರಂಗಸ್ವಾಮಿ ಅಯ್ಯಂಗಾರ್ ಬರೆದಿಟ್ಟರು. ಸಂಪರ್ಕ ವಿಧಾನ ಎಂದು ಹೆಸರು, ಮಾಡುವುದು ಇಷ್ಟೇ. ಹೂ ಬಿಡುವ ಮುಂಚೆ ಎರಡು ಗಿಡಗಳ ತೆನೆಗಳನ್ನು ಒಂದಕ್ಕೊಂದು ತಾಗುವಂತೆ ಕಟ್ಟಿ, ಮುಚ್ಚಿ ಬಿಡುವುದು. ಎಲ್ಲೋ ಒಂದೆರಡು ಹೂಗಳಲ್ಲಿ ಅಕ್ಕಪಕ್ಕದ ಪರಾಗ ಕೂಡುತ್ತದೆ. ಕೂಡಿತೋ ಇಲ್ಲವೋ ತಿಳಿಯುವುದು ಹೇಗೆ? ತಂದೆಯಾಗಿ ನೇರಳೆ ಬಣ್ಣದ ಗಿಡ, ತಾಯಿಯಾಗಿ ಹಸಿರು ಗಿಡ ಇಟ್ಟುಕೊಳ್ಳಬೇಕು. ನೇರಳೆ ಪ್ರಬಲ ಗುಣ. ಹಸಿರು ತಾಯಿಯ ಕಾಳುಗಳನ್ನು ಬಿತ್ತಿ, ಸಾವಿರಾರು ಹಸಿರು ಪೈರುಗಳ ನಡುವೆ ಗೆಣ್ಣು ನೇರಳೆಯಾಗಿರುವ ಪೈರು ಹುಡುಕಬೇಕು. ಅದೇ ಸಂಕರದ ಕೂಸು. ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ತಲೆಮಾರಿನಲ್ಲಿ ಗುಣಗಳೆಲ್ಲ ಚದುರುತ್ತವೆ. ಆಯ್ದು, ಬಿತ್ತಿ, ಮತ್ತೆ ಆಯ್ದು, ಆರೇಳು ತಲೆಮಾರು ಕಳೆದಮೇಲೆ ತಳಿ ನೆಲೆ ನಿಲ್ಲುತ್ತದೆ. ಮಳೆಗಾಲಕ್ಕೆ ಒಂದೇ ಬೆಳೆ ಎನ್ನುವ ನೆಲದಲ್ಲಿ ಅದು ಆರೇಳು ವರ್ಷದ ಕಾಯುವಿಕೆ; ಬೇಸಿಗೆಯಲ್ಲೂ ನೀರಿರುವಲ್ಲಿ ಅರ್ಧ. ಬೆದ್ದಲಿನ ರಾಗಿಗೆ ಕಾವೇರಿಯ ನಾಲೆಯಿಂದ ಆದ ದೊಡ್ಡ ಲಾಭ ಇದೇ ಇರಬೇಕು.

ಈ ತಾಳ್ಮೆಯ ಕೆಲಸವನ್ನು ದಶಕಗಳ ಕಾಲ ವಿ.ಸಿ. ಫಾರಂನಲ್ಲಿ ಮಾಡಿದವರು ಸಿ.ಎಚ್. ಲಕ್ಷ್ಮಣಯ್ಯ. 1921ರಲ್ಲಿ ಹುಟ್ಟಿ 1993ರಲ್ಲಿ ತೀರಿಕೊಂಡರು. ಗೊತ್ತಿದ್ದವರು ‘ರಾಗಿ ಲಕ್ಷ್ಮಣಯ್ಯ’ ಎನ್ನುತ್ತಿದ್ದರು, ಅಭಿಮಾನಿಗಳು ‘ರಾಗಿ ಬ್ರಹ್ಮ’ ಎಂದರು. ಎರಡನೆಯ ಹೆಸರು ನನಗೆ ಅಷ್ಟು ಹಿಡಿಸುವುದಿಲ್ಲ. ಬ್ರಹ್ಮ ಹಣೆಯಲ್ಲಿ ಬರೆದು ಸುಮ್ಮನಾಗುತ್ತಾನೆ. ಇವರದು ಸಾವಿರಾರು ಸಾಲುಗಳ ನಡುವೆ ಬಗ್ಗಿ ನಡೆದು, ಬೇಡವಾದದ್ದನ್ನು ಬಿಡುತ್ತಾ ಹೋಗುವ ಕೆಲಸ. ಮೊದಲ ಹಂತದಲ್ಲಿ ಅವರು ನಮ್ಮ ನಾಡಿನ ರಾಗಿಗಳನ್ನೇ ಒಂದಕ್ಕೊಂದು ಕೂಡಿಸಿದರು. ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಹೀಗೆ ಹೊರಬಂದ ತಳಿಗಳು. ಹೆಸರುಗಳನ್ನು ನೋಡಿ, ಮನೆಯ ಹೆಣ್ಣುಮಕ್ಕಳ ಹೆಸರು ಕರೆದಂತಿದೆ. ಆಮೇಲಿನ ತಳಿಗಳಿಗೆ ಬರೀ ಅಕ್ಷರ ಮತ್ತು ಅಂಕಿ.

ಎರಡನೆಯ ಹಂತದಲ್ಲಿ ಅವರು ಆಫ್ರಿಕಾದ ಕಡೆ ತಿರುಗಿದರು. ಆ ಕಾಲಕ್ಕೆ ರಾಗಿಯ ಹುಟ್ಟೂರು ಯಾವುದು ಎಂಬ ಜಗಳ ವಿದ್ವಾಂಸರಲ್ಲಿ ಪೂರ್ತಿ ತೀರಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಡಿ ಕ್ಯಾಂಡೋಲ್ ಭಾರತವೇ ತವರು ಎಂದಿದ್ದ. ರಷ್ಯಾದ ವವಿಲೋವ್ ಅಬಿಸೀನಿಯಾ ಎಂದ. 1970ರ ದಶಕದಲ್ಲಿ ಹಿಲು ಮತ್ತು ಡಿ ವೆಟ್ ಅವರ ಅಧ್ಯಯನದ ನಂತರ ಪೂರ್ವ ಆಫ್ರಿಕಾದ ಎತ್ತರದ ನಾಡುಗಳೇ, ಅಂದರೆ ಇಥಿಯೋಪಿಯಾ–ಉಗಾಂಡಾದ ಕಡೆಯೇ, ರಾಗಿಯ ಮೂಲ ಎಂಬುದು ನಿಂತಿತು. ಅಲ್ಲಿಂದ ಮೂರು ಸಾವಿರ ವರ್ಷಗಳ ಹಿಂದೆಯೋ ಅದಕ್ಕೂ ಮುಂಚೆಯೋ ಯಾವುದೋ ಹಾಯಿದೋಣಿಯಲ್ಲಿ ಬಂದದ್ದು ತವರಿನ ಸಂಪತ್ತಿನಲ್ಲಿ ಒಂದು ಹಿಡಿ ಮಾತ್ರ. ಆ ಹಿಡಿಯಿಂದಲೇ ನಮ್ಮವರು ಕರಿಕಡ್ಡಿ, ಗಿಡ್ಡ ರಾಗಿ, ರುದ್ರಜಡೆ, ಹುಲ್ಲುಬೆಳೆ ಎಂದು ಹತ್ತಾರು ಜಾತಿ ಮಾಡಿಕೊಂಡರು.

ನಮ್ಮ ರಾಗಿಗೂ ತವರಿನ ರಾಗಿಗೂ ಮೈಕಟ್ಟಿನಲ್ಲೇ ವ್ಯತ್ಯಾಸ. ಆಫ್ರಿಕಾದ್ದು ದಪ್ಪ ಕಾಂಡ, ಅಗಲ ಎಲೆ, ಮುಷ್ಟಿ ಕಟ್ಟಿದಂಥ ಭಾರದ ತೆನೆ. ಆದರೆ ಮಾಗುವುದು ನಿಧಾನ. ನಮ್ಮ ಮಳೆ ನಿಂತುಹೋದ ಮೇಲೂ ಅದಿನ್ನೂ ಹಸಿರು. ನಮ್ಮದು ಬೇಗ ಮಾಗುತ್ತದೆ, ಹೆಚ್ಚು ತೆಂಡೆ ಒಡೆಯುತ್ತದೆ, ಮಳೆಯ ಹದ ಅದಕ್ಕೆ ಗೊತ್ತು. ಆದರೆ ತೆನೆ ಹಗುರ. ಲಕ್ಷ್ಮಣಯ್ಯನವರು ತಮ್ಮದೇ ಕಾವೇರಿ ತಳಿಯನ್ನು ಐಇ 929 ಎಂಬ ಆಫ್ರಿಕಾ ಮೂಲದ ರಾಗಿಯ ಜೊತೆ ಕೂಡಿಸಿ ಇಂಡಾಫ್ 5 ಪಡೆದರು. ಅದೇ ಐಇ 929ಕ್ಕೆ ನಮ್ಮ ಹಳೆಯ ಹುಲ್ಲುಬೆಳೆಯನ್ನು ಕೂಡಿಸಿದಾಗ ಇಂಡಾಫ್ 8 ಬಂತು. 1970, 80ರ ದಶಕಗಳಲ್ಲಿ ಹೀಗೆ ಒಂದಾದಮೇಲೊಂದು ಬಂದವು. ಭಾರದ ತೆನೆ, ಅದನ್ನು ಹೊರುವ ಗಟ್ಟಿ ದಂಟು, ನಮ್ಮ ಮಳೆಗಾಲದೊಳಗೆ ಮುಗಿಯುವ ಆಯುಸ್ಸು.

ನಾಗಮಂಗಲದಂಥ ಕಡೆ ಈ ಆಯುಸ್ಸಿನ ಮಾತು ಇಳುವರಿಯ ಮಾತಿಗಿಂತ ದೊಡ್ಡದು. ಮುಂಗಾರು ಹೊತ್ತಿಗೆ ಸರಿಯಾಗಿ ಬಂದರೆ ನಾಲ್ಕು ತಿಂಗಳ ಇಂಡಾಫ್ 8 ಬಿತ್ತಬಹುದು. ಮಳೆ ಕೈಕೊಟ್ಟು ಶ್ರಾವಣ ಕಳೆಯುತ್ತಾ ಬಂತೆಂದರೆ ಮೊದಲೆಲ್ಲ ಹೊಲ ಬೀಡು ಬಿಡಬೇಕಿತ್ತು, ಇಲ್ಲವೇ ಹುರುಳಿ ಚೆಲ್ಲಿ ಕೈತೊಳೆದುಕೊಳ್ಳಬೇಕಿತ್ತು. ಮೂರು ತಿಂಗಳು ಚಿಲ್ಲರೆಯಲ್ಲಿ ಮಾಗುವ ಇಂಡಾಫ್ 9 ಅಂಥವರಿಗೆ ಇನ್ನೊಂದು ಅವಕಾಶ ಕೊಟ್ಟಿತು. ವರ್ಷದ ಊಟ ಉಳಿಯಿತು. ಹುಲ್ಲಿನ ವಿಷಯವೂ ಇದೆ. ಹಳ್ಳಿಕಾರ್ ದನಗಳ ಸೀಮೆ ಇದು, ಕೆ.ಆರ್. ಪೇಟೆಯ ಹೇಮಗಿರಿಯಲ್ಲಿ, ಪಾಂಡವಪುರದ ಬೇಬಿ ಬೆಟ್ಟದಲ್ಲಿ ದನಗಳ ಜಾತ್ರೆ ಕಟ್ಟುವ ಜನ. ಅವರಿಗೆ ರಾಗಿ ಎಂದರೆ ಮೇಲೆ ಕಾಳು, ಕೆಳಗೆ ಮೇವು. ಹಸಿರು ಕ್ರಾಂತಿಯ ಕುಳ್ಳ ಗೋಧಿ, ಕುಳ್ಳ ಭತ್ತ ಕಾಳು ಕೊಟ್ಟು ಹುಲ್ಲು ಕಿತ್ತುಕೊಂಡವು. ಲಕ್ಷ್ಮಣಯ್ಯನವರ ರಾಗಿ ಮೆದೆಯನ್ನು ಸಣ್ಣದು ಮಾಡಲಿಲ್ಲ. ಅವರನ್ನು ಹಸಿರು ಕ್ರಾಂತಿಯ ಸಾಲಿಗೆ ಸೇರಿಸಿ ಹೊಗಳುವವರು ಈ ವ್ಯತ್ಯಾಸವನ್ನು ಗಮನಿಸುವುದಿಲ್ಲ.

ಬೀಜ ಹರಡಿದ ರೀತಿಯೂ ಬೇರೆ. ಮುಸುಕಿನ ಜೋಳದ ಹೈಬ್ರಿಡ್ ಬೀಜವನ್ನು ಪ್ರತಿವರ್ಷ ಅಂಗಡಿಯಿಂದ ತರಬೇಕು. ತನ್ನ ಪರಾಗಕ್ಕೆ ತಾನೇ ಕಾಳುಕಟ್ಟುವ ರಾಗಿಯಲ್ಲಿ ಹಾಗಿಲ್ಲ. ಒಮ್ಮೆ ತಂದ ಇಂಡಾಫ್ ಬೀಜವನ್ನು ಎತ್ತಿಟ್ಟು ವರ್ಷ ವರ್ಷ ಬಿತ್ತಬಹುದು. ಒಂದು ಊರಿಗೆ ಎರಡು ಸೇರು ಬಂದರೆ ಮಾರನೆಯ ವರ್ಷ ಬೀಗರ ಊರಿಗೆ, ಅಲ್ಲಿಂದ ಇನ್ನೊಂದು ಊರಿಗೆ. ಹೀಗೆ ಮಡಿಲಿನಿಂದ ಮಡಿಲಿಗೆ ಹೋಗುವ ಬೀಜದಲ್ಲಿ ವ್ಯಾಪಾರಿಗೆ ಲಾಭವಿಲ್ಲ. ಆದ್ದರಿಂದಲೇ ರಾಗಿಯ ತಳಿ ಸುಧಾರಣೆಗೆ ದೊಡ್ಡ ಕಂಪನಿಗಳು ಕೈ ಹಾಕಲಿಲ್ಲ. ಸರ್ಕಾರಿ ಫಾರಂ, ಒಬ್ಬ ಹಟವಾದಿ ನೌಕರ, ಇವರಿಬ್ಬರೂ ಇಲ್ಲದಿದ್ದರೆ ಆ ಕೆಲಸ ಆಗುತ್ತಲೇ ಇರಲಿಲ್ಲ ಎಂಬುದು ನನ್ನ ತಿಳಿವಳಿಕೆ. ಐವತ್ತರ ದಶಕಕ್ಕೂ ಎಂಬತ್ತರ ದಶಕಕ್ಕೂ ನಡುವೆ ರಾಗಿಯ ಸರಾಸರಿ ಇಳುವರಿ ಹತ್ತಿರಹತ್ತಿರ ದುಪ್ಪಟ್ಟಾಯಿತು. ರಾಗಿ ಬಿತ್ತುವ ನೆಲ ದೇಶದಲ್ಲಿ ಆಮೇಲೆ ಅರ್ಧಕ್ಕಿಂತ ಕೆಳಗೆ ಇಳಿದರೂ ಮುದ್ದೆಗೆ ಕೊರತೆಯಾಗದೆ ಇದ್ದದ್ದು ಹೀಗೆ.

ಇಷ್ಟೆಲ್ಲ ಪಡೆದದ್ದಕ್ಕೆ ತೆತ್ತ ಬೆಲೆಯೂ ಇದೆ. ಇಂಡಾಫ್ ತಳಿಗಳಿಗೆ ಬೆಂಕಿರೋಗದ ಕಾಟ. ತೆನೆ ಹೊರಟ ಮೇಲೆ ಕುತ್ತಿಗೆಗೆ ಬಂತೆಂದರೆ ಕಾಳು ಜೊಳ್ಳು. ಒಂದೇ ತಳಿ ಊರಿಗೆ ಊರೇ ತುಂಬಿದಾಗ ರೋಗಕ್ಕೂ ಅದು ಸುಗ್ಗಿ. ಹತ್ತು ಜಾತಿ ಇದ್ದ ಹೊಲಗಳಲ್ಲಿ ಒಂದಕ್ಕೆ ಬಂದರೆ ಇನ್ನೊಂದು ಉಳಿಯುತ್ತಿತ್ತು. ರುಚಿಯ ಬಗ್ಗೆ ಹಳಬರ ಗೊಣಗಾಟ ಬೇರೆ: ನಾಟಿ ರಾಗಿಯ ಮುದ್ದೆಯ ಘಮವೇ ಇದರಲ್ಲಿಲ್ಲ ಎಂದು. ಇದರಲ್ಲಿ ರಾಗಿಯದೆಷ್ಟು, ವಯಸ್ಸಿನದೆಷ್ಟು, ಬೀಸುವ ಕಲ್ಲು ಹೋಗಿ ಮಿಲ್ಲು ಬಂದದ್ದೆಷ್ಟು ಎಂದು ಬಿಡಿಸುವುದು ಕಷ್ಟ. ಅಕ್ಕಡಿ ಸಾಲಿನ ಅವರೆ, ಹುಚ್ಚೆಳ್ಳು ಕಡಿಮೆಯಾದದ್ದಂತೂ ಕಣ್ಣಿಗೆ ಕಾಣುತ್ತದೆ; ಅದಕ್ಕೆ ತಳಿಯೊಂದೇ ಕಾರಣವಲ್ಲ, ಕೂಲಿಯಾಳು ಸಿಗದಿರುವುದೂ ಕಾರಣ.

ಬೆಂಕಿರೋಗಕ್ಕೆ ಉತ್ತರ ಬಂದದ್ದು 1990ರ ದಶಕದಲ್ಲಿ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ, ಜಿಪಿಯು 28ರ ರೂಪದಲ್ಲಿ. ಇಂಡಾಫನ್ನು ಹೊಲದಿಂದ ಓಡಿಸಿದ್ದು ಅದೇ. ಅದರ ವಂಶಾವಳಿ ತೆಗೆದರೆ ತಾಯಿ ಇಂಡಾಫ್ 5, ತಂದೆಯ ಕಡೆ ಇಂಡಾಫ್ 9 ಮತ್ತು ಐಇ 1012. ರೋಗ ತಡೆಯುವ ಶಕ್ತಿ ಬೇಕಾದಾಗ ಮತ್ತೊಮ್ಮೆ ಹೊರಗಿನ ನೆಂಟರನ್ನೇ ಕರೆಯಬೇಕಾಯಿತು. ಭಾರದ ತೆನೆಗೆ ಲಕ್ಷ್ಮಣಯ್ಯನವರ ರಾಗಿಯೇ ಆಧಾರ. 2017ರಲ್ಲಿ ಅದೇ ವಿಶ್ವವಿದ್ಯಾಲಯದ ವಿಜ್ಞಾನಿಗಳು ರಾಗಿಯ ಇಡೀ ಜೀನೋಮನ್ನು ಓದಿ ಪ್ರಕಟಿಸಿದರು. ಅದಕ್ಕೆ ಆರಿಸಿಕೊಂಡದ್ದು ಎಂಎಲ್ 365 ಎಂಬ, ಬರ ತಡೆಯುವ ತಳಿ. ಅದರ ಹೆತ್ತವರಲ್ಲೂ ಒಂದು ಇಂಡಾಫ್ 5. ಸುಮಾರು 1,196 ದಶಲಕ್ಷ ಅಕ್ಷರಗಳ ಆ ಓಲೆಯಲ್ಲಿ ಮಂಡ್ಯದ ಫಾರಂನಲ್ಲಿ ಕಟ್ಟಿದ ತೆನೆಗಳ ಪಾಲು ಇದೆ. ವಿ.ಸಿ. ಫಾರಂನಿಂದ ಈಗಲೂ ಕೆಎಂಆರ್ ಎಂಬ ಹೆಸರಿನಲ್ಲಿ ಹೊಸ ರಾಗಿಗಳು ಬರುತ್ತಿವೆ. ಕೆಎಂಆರ್ 340 ಎಂಬುದರ ಕಾಳು ಬಿಳಿ. ಬಿಳಿ ರಾಗಿಯ ಹಿಟ್ಟಿನಲ್ಲಿ ಬಿಸ್ಕತ್ತು ಚೆನ್ನಾಗಿ ಬರುತ್ತದಂತೆ. ಮುದ್ದೆ ಮಾತ್ರ ಕಪ್ಪಗಿದ್ದರೇ ಒಪ್ಪ ಎನ್ನುವವರು ನಾವು.

ಹೇಮಾವತಿಯ ನಾಲೆಗಳು ಕೆ.ಆರ್. ಪೇಟೆಗೂ ನಾಗಮಂಗಲದ ಕೆಲವು ಕಡೆಗೂ ಬಂದ ಮೇಲೆ ಅಲ್ಲಿಯೂ ರಾಗಿ ಹೊಲಗಳು ತೆಂಗಿಗೆ, ಭತ್ತಕ್ಕೆ ತಿರುಗಿವೆ. ಉಳಿದ ಬೆದ್ದಲಿನಲ್ಲಿ ಹುಲ್ಲುಬೆಳೆ ಬಿತ್ತುವವರನ್ನು ಇವತ್ತು ಹುಡುಕಿಕೊಂಡು ಹೋಗಬೇಕು, ಇಂಡಾಫ್ 8 ಬಿತ್ತುವವರೂ ವಿರಳ. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ಶೀತಲ ಕೋಣೆಯಲ್ಲಿ ಆರು ಸಾವಿರಕ್ಕೂ ಹೆಚ್ಚು ಬಗೆಯ ರಾಗಿ, ನಮ್ಮದೂ ಆಫ್ರಿಕಾದ್ದೂ, ಪೊಟ್ಟಣ ಕಟ್ಟಿ ಸಾಲಾಗಿ ಕೂತಿವೆ. ತಳಿಗಳ ದಾಖಲೆಯಲ್ಲಿ ಇಂಡಾಫ್ 8ರ ಮುಂದೆ ಹೆತ್ತವರ ಕಾಲಮಿನಲ್ಲಿ ಎರಡೇ ಹೆಸರು: ಹುಲ್ಲುಬೆಳೆ, ಐಇ 929. ಒಂದು ನಮ್ಮ ಯಾವುದೋ ಹಳ್ಳಿಯ ಹೆಂಗಸರು ಇಟ್ಟದ್ದು, ಇನ್ನೊಂದು ಯಾರೋ ಗುಮಾಸ್ತರು ಕೊಟ್ಟ ನಂಬರು.